ಹಿರೇಗುಡ್ಡದ ಕಲ್ಲು, ಭಾವನ ಗಿಟಾರು

ಬಳ್ಳಾರಿಯ ಬಿಸಿಲನ್ನು ಕುರಿತು ಹೊರಗಿನವರು ಆಡುವ ಮಾತುಗಳಲ್ಲಿ ಉತ್ಪ್ರೇಕ್ಷೆ ಕಡಿಮೆ. ಮಾಘಮಾಸದಲ್ಲಿಯೂ ಇಲ್ಲಿ ಒಂಬತ್ತು ಗಂಟೆಯಾಯಿತೆಂದರೆ ಬೆಳಗಿನ ತಂಪು ಹಳೆಯ ಕತೆಯಾಗಿಬಿಡುತ್ತದೆ. ಅದನ್ನು ಬಲ್ಲ ನಾನು, ಬೆಂಗಳೂರಿನಿಂದ ಬಂದಿದ್ದ ನನ್ನ ಸೋದರಳಿಯನನ್ನು ಐದು ಗಂಟೆಗೇ ಎಬ್ಬಿಸಿ, ಎರಡು ಸೀಸೆ ನೀರನ್ನೂ ಅಕ್ಕ ಕಟ್ಟಿಕೊಟ್ಟ ಜೋಳದ ರೊಟ್ಟಿಯ ಗಂಟನ್ನೂ ಅವನ ಕೈಗಿತ್ತು, ಸಂಗನಕಲ್ಲಿನ ದಾರಿ ಹಿಡಿದೆ. ಅವನ ಮನಸ್ಸು ಮಾತ್ರ ಪ್ರಯಾಣದಲ್ಲಿರಲಿಲ್ಲ. ಮನೆಯ ನಡುಕೋಣೆಯ ಮೂಲೆಯಲ್ಲಿ ಒರಗಿಸಿಟ್ಟಿದ್ದ ಒಂದು ಕಪ್ಪು ಪೆಟ್ಟಿಗೆಯ ಸುತ್ತಲೇ ಅದು ತಿರುಗುತ್ತಿತ್ತು.

ಆ ಪೆಟ್ಟಿಗೆಯ ವಿಷಯವನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ಅದರಲ್ಲಿದ್ದುದು ನನ್ನ ಭಾವನವರ ಎಲೆಕ್ಟ್ರಿಕ್ ಗಿಟಾರು. ೧೯೮೦ರ ದಶಕದಲ್ಲಿ ನಮ್ಮ ಭಾಗದ ಮದುವೆಗಳಲ್ಲಿಯೂ ಗಣೇಶೋತ್ಸವಗಳಲ್ಲಿಯೂ ಆರ್ಕೆಸ್ಟ್ರಾಗಳ ಸಂಭ್ರಮವಿದ್ದಾಗ ಭಾವನವರು ಅದನ್ನು ಹೆಗಲಿಗೆ ಹಾಕಿಕೊಂಡು ರಾತ್ರಿಯಿಡೀ ನುಡಿಸಿದವರು. ಮಹಾಗನಿ ಮರದ ಗಟ್ಟಿ ಒಡಲು, ಎಲ್ಲಿಯೂ ಟೊಳ್ಳಿಲ್ಲ. ಭಾವನವರು ತೀರಿಕೊಂಡ ಮೇಲೆ ಅದು ಮಗನ ಪಾಲಿಗೆ ಬಂದಿತು. ಅವನೂ ನುಡಿಸುವವನೇ. ಆದರೆ ಕಳೆದ ವರ್ಷದಿಂದ ಅವನಿಗೆ ಬೆನ್ನುನೋವು. ಭಾರವನ್ನು ಹೆಗಲಿಗೆ ತೂಗುಹಾಕಿಕೊಂಡು ಗಂಟೆಗಟ್ಟಲೆ ನಿಲ್ಲಬಾರದೆಂದು ವೈದ್ಯರ ಕಟ್ಟಪ್ಪಣೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಿದರೆ ಗಿಟಾರು ೪ ಕಿಲೋ ೮೦೦ ಗ್ರಾಂ ತೂಗಿತು.

ನಗರದ ಕುಶಲ ಬಡಗಿಯೊಬ್ಬರು, ಒಡಲನ್ನು ಹಿಂಬದಿಯಿಂದ ಕೊರೆದು ಒಳಗಿನ ಮರವನ್ನು ತೆಗೆದು ಮೇಲೊಂದು ತೆಳುಹಲಗೆ ಮುಚ್ಚಿಕೊಡುವೆನೆಂದು ಒಪ್ಪಿದ್ದರು. “ಭಾರವೂ ಇಳಿಯುತ್ತದೆ, ಟೊಳ್ಳಾದರೆ ನಾದವೂ ಹೆಚ್ಚುತ್ತದೆ” ಎಂದು ಅಳಿಯನ ಗೆಳೆಯರಲ್ಲಿ ಕೆಲವರು. “ಗಟ್ಟಿತನ ಹೋದರೆ ನಾದವೇ ಹೋಯಿತು” ಎಂದು ಉಳಿದವರು. ನನ್ನ ಅಕ್ಕನ ವಾದಕ್ಕೆ ನಾದಶಾಸ್ತ್ರದ ಗೊಡವೆಯಿರಲಿಲ್ಲ. “ಅವರು ಎದೆಗೊತ್ತಿಕೊಂಡ ಮರ. ಅದಕ್ಕೆ ಉಳಿ ಹಾಕಬೇಡಿ” ಎಂದಷ್ಟೇ ಹೇಳಿ ಒಳಗೆ ಹೋಗಿದ್ದಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿದ ತಪ್ಪಿಗೆ ತೀರ್ಪು ನನ್ನ ಕೊರಳಿಗೆ ಬಿದ್ದಿತು. ತೀರ್ಪು ಕೊಡುವ ಮೊದಲು ಅವನಿಗೆ ಹಿರೇಗುಡ್ಡದ ಕಲ್ಲನ್ನು ಕೇಳಿಸಬೇಕೆಂದು ನನಗೆ ತೋರಿತು.

ಕರಿಕಲ್ಲಿನ ನೆತ್ತಿ

ಸಂಗನಕಲ್ಲು ಬಳ್ಳಾರಿಗೆ ಈಶಾನ್ಯದಲ್ಲಿ ಐದಾರು ಕಿಲೋಮೀಟರ್ ದೂರದ ಹಳ್ಳಿ. ಅದರಾಚೆಗೆ ಕಪ್ಪಗಲ್ಲು. ಎರಡೂ ಹೆಸರುಗಳ ತುದಿಯಲ್ಲಿ ಕಲ್ಲು ಕುಳಿತಿರುವುದು ಸುಮ್ಮನೆ ಅಲ್ಲ. ಸುತ್ತಲೂ ಎರೆಭೂಮಿಯ ಸಮತಟ್ಟು. ಅದರ ನಡುವೆ, ಯಾರೋ ತಂದು ಸುರಿದು ಮರೆತು ಹೋದಂತೆ, ಬಂಡೆಗಳ ಗುಡ್ಡಗಳು. ಸಣ್ಣರಾಚಮ್ಮನ ಗುಡ್ಡ, ಚೌಡಮ್ಮನ ಗುಡ್ಡ, ಎಲ್ಲಕ್ಕಿಂತ ದೊಡ್ಡದಾದ ಹಿರೇಗುಡ್ಡ ಎಂದು ಊರವರು ಅವಕ್ಕೆ ಹೆಸರಿಟ್ಟಿದ್ದಾರೆ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಈ ಗುಡ್ಡಗಳ ಮೇಲೂ ತಪ್ಪಲಲ್ಲೂ ದನಕರು ಸಾಕುವ, ಕಿರುಧಾನ್ಯವನ್ನೂ ಹುರುಳಿಯನ್ನೂ ಬೆಳೆಯುವ, ಕಲ್ಲಿನ ಕೊಡಲಿಯನ್ನು ಉಜ್ಜಿ ನುಣುಪಾಗಿಸುವ ಜನ ಬದುಕಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ ಇಲ್ಲಿಯ ಕಲ್ಲಿನ ಆಯುಧಗಳನ್ನು ಗುರುತಿಸಿ ಲೋಕಕ್ಕೆ ತಿಳಿಸಿದರು. ಬಿ. ಸುಬ್ಬರಾವ್ ಅವರು ಅಗೆದು ನೋಡಿ, ಬಳ್ಳಾರಿಯ ಶಿಲಾಯುಗವನ್ನು ಕುರಿತ ತಮ್ಮ ಗ್ರಂಥವನ್ನು ೧೯೪೮ರಲ್ಲಿ ಪ್ರಕಟಿಸಿದರು. ಮತ್ತೆ ೧೯೬೪-೬೫ರಲ್ಲಿ ಅನ್ಸಾರಿ ಮತ್ತು ಎಂ. ಎಸ್. ನಾಗರಾಜರಾವ್ ಅವರಿಂದ ಇಲ್ಲಿ ಉತ್ಖನನ ನಡೆಯಿತು.

ನಾವು ಹಿರೇಗುಡ್ಡದ ಬುಡ ಮುಟ್ಟುವ ವೇಳೆಗೆ ಮೂಡಣದಲ್ಲಿ ಕೆಂಪೇರಿತ್ತು. ದಾರಿಯೆಂಬ ದಾರಿಯಿಲ್ಲ. ಮನೆಯಷ್ಟು ದೊಡ್ಡ ಗ್ರಾನೈಟ್ ಬಂಡೆಗಳ ಸಂದಿಯಲ್ಲಿ ನುಸುಳುತ್ತ, ಮುಳ್ಳುಕಂಟಿಗಳನ್ನು ಸರಿಸುತ್ತ ಏರಬೇಕು. ಬೆನ್ನುನೋವಿನ ಅಳಿಯ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ. ವಯಸ್ಸಿನ ನೆಪದಿಂದ ನಾನೂ ನಿಲ್ಲುತ್ತಿದ್ದೆ. ಮೇಲೆ ಹೋದಂತೆ ಕಲ್ಲಿನ ಬಣ್ಣ ಬದಲಾಯಿಸಿತು. ನಸುಗೆಂಪು, ಬೂದು ಛಾಯೆಯ ಗ್ರಾನೈಟಿನ ನಡುವೆ, ಗುಡ್ಡದ ನೆತ್ತಿಯ ಉದ್ದಕ್ಕೂ, ಕರ್ರನೆಯ ಬಂಡೆಗಳ ಸಾಲೊಂದು ಹರಿದಿತ್ತು. ಇದೇ ಡೋಲರೈಟ್. ಬಹಳ ಹಿಂದೆ ಗ್ರಾನೈಟಿನ ಬಿರುಕಿನೊಳಕ್ಕೆ ಭೂಗರ್ಭದ ಶಿಲಾರಸ ನುಗ್ಗಿ ಅಲ್ಲಿಯೇ ಹೆಪ್ಪುಗಟ್ಟಿ ನಿಂತ ಗೋಡೆಯಿದು. ಕಾಲಾಂತರದಲ್ಲಿ ಅದು ಒಡೆದು ಬಂಡೆಗಳ ರಾಶಿಯಾಗಿದೆ. ಕಲ್ಲುಗೊಡಲಿಗಳನ್ನು ಮಾಡುತ್ತಿದ್ದುದು ಈ ಕರಿಕಲ್ಲಿನಿಂದಲೇ.

ಆ ಬಂಡೆಗಳ ಮೈಮೇಲೆ ನೂರಾರು ಚಿತ್ರಗಳು. ಬಣ್ಣದವಲ್ಲ, ಕಲ್ಲಿನಿಂದ ಕಲ್ಲನ್ನು ಕುಟ್ಟಿ ಮೂಡಿಸಿದವು. ಉದ್ದ ಕೊಂಬಿನ, ಹಿಣಿಲೆತ್ತಿದ ಗೂಳಿಗಳು, ಮನುಷ್ಯರು, ಕೈ ಹಿಡಿದು ಸಾಲಾಗಿ ನಿಂತವರು. ಕೆಲವು ಎಂಥ ಎತ್ತರದಲ್ಲಿ, ಎಂಥ ಇಕ್ಕಟ್ಟಿನಲ್ಲಿ ಇವೆಯೆಂದರೆ ಬಿಡಿಸಿದವರು ಬಂಡೆಯಿಂದ ಜೋತುಬಿದ್ದೇ ಬಿಡಿಸಿರಬೇಕು. ಫಾಸೆಟ್ ಎಂಬವರು ೧೮೯೨ರಷ್ಟು ಹಿಂದೆಯೇ ಇವನ್ನು ಕುರಿತು ಬರೆದಿದ್ದರು. ಬಳಿಕ ಬಹುಕಾಲ ವಿದ್ವಾಂಸರ ಲಕ್ಷ್ಯ ಇತ್ತ ಹರಿಯಲಿಲ್ಲ.

ಮೂಕ ಕಲ್ಲು, ಮಾತಿನ ಕಲ್ಲು

ಚಿತ್ರಗಳನ್ನು ನೋಡುತ್ತ ನಿಂತಿದ್ದ ನಮ್ಮನ್ನು ಕುರಿ ಮೇಯಿಸಲು ಬಂದಿದ್ದ ಮುದುಕನೊಬ್ಬ ಕಂಡ. ಕಂಬಳಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡು, “ಕಲ್ಲು ಕೇಳಾಕ ಬಂದೀರೇನ್ರಿ?” ಎಂದು ಕೇಳಿದ. ನೋಡಲು ಅಲ್ಲ, ಕೇಳಲು! ಹೌದೆಂದೆ. ಅಳಿಯ ಉತ್ಸಾಹದಿಂದ ಹತ್ತಿರದ ಕರಿಬಂಡೆಯೊಂದನ್ನು ಬೆಣಚಿಯಿಂದ ಬಡಿದ. ‘ದಬ್’ ಎಂದಿತು, ಅಷ್ಟೆ. ಮುದುಕ ನಕ್ಕ.

“ಅದು ಮೂಕ ಕಲ್ರಿ. ಇತ್ತ ಬರ್ರಿ.”

ಎಂಟು ಹತ್ತು ಹೆಜ್ಜೆಯಾಚೆ, ಸರಿಸುಮಾರು ಅಷ್ಟೇ ಗಾತ್ರದ ಇನ್ನೊಂದು ಬಂಡೆ. ಅದರ ಅಂಚಿನಲ್ಲಿ ಅಂಗೈಯಗಲದ ಕೆಲವು ಕುಳಿಗಳು, ಒರಳಿನ ಒಳಮೈಯಂತೆ ನುಣುಪಾದವು. ಮುದುಕ ಒಂದು ಸಣ್ಣ ಕಲ್ಲನ್ನು ಆಯ್ದುಕೊಂಡು ಅಂಥ ಕುಳಿಯೊಂದಕ್ಕೆ ಮೆಲ್ಲನೆ ತಾಗಿಸಿದ. ಓದುಗರೇ, ಅದನ್ನು ಹೇಗೆ ಬಣ್ಣಿಸಲಿ? ದೂರದ ಗುಡಿಯಲ್ಲಿ ಜಾಗಟೆ ಬಾರಿಸಿದಂತೆ, ಆಳವಾದ, ದುಂಡನೆಯ ನಾದವೊಂದು ಕಲ್ಲಿನೊಳಗಿಂದ ಎದ್ದು ಬಂದಿತು. ಪೆಟ್ಟಿಗೂ ನಾದಕ್ಕೂ ಹೊಂದಾಣಿಕೆಯೇ ಇಲ್ಲವೆನ್ನುವಷ್ಟು ಪೆಟ್ಟು ಚಿಕ್ಕದು, ನಾದ ದೊಡ್ಡದು. ಪಕ್ಕದ ಕುಳಿಯಲ್ಲಿ ಮುಟ್ಟಿದ. ಶ್ರುತಿ ಸ್ವಲ್ಪ ಮೇಲೇರಿತು. ಅಳಿಯನ ಮುಖದಲ್ಲಿ ಅಂದಿನವರೆಗೆ ನಾನು ಕಾಣದಿದ್ದ ಒಂದು ಬೆರಗು ಮೂಡಿತು.

ಈ ನಾದವನ್ನು ಹಳ್ಳಿಯವರು ಬಲ್ಲರು. ವಿದ್ವಾಂಸ ಲೋಕದಲ್ಲಿ ಇದಕ್ಕೆ ಹೆಚ್ಚಿನ ಪ್ರಚಾರ ದೊರೆತದ್ದು ೨೦೦೪ರಲ್ಲಿ. ಪುರಾತತ್ತ್ವಜ್ಞೆ ನಿಕೋಲ್ ಬೋವ್ವಾ ಅವರು ‘ಆಂಟಿಕ್ವಿಟಿ’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಇಲ್ಲಿಯ ಚಿತ್ರಗಳನ್ನೂ ನಾದಶಿಲೆಗಳನ್ನೂ ಒಟ್ಟಿಗೆ ಇಟ್ಟು ವಿಚಾರ ಮಾಡಿದರು. ಆ ಕುಳಿಗಳು ಮಳೆಗಾಳಿಯಿಂದಾದವಲ್ಲ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಡಿದು ಬಡಿದು ಸವೆದವು. ಹಬ್ಬಕ್ಕೋ ಹರಕೆಗೋ, ಯಾವ ಸಂದರ್ಭಕ್ಕೆ ಬಡಿದರೋ, ಆ ಗುಟ್ಟನ್ನು ಕಲ್ಲು ಬಿಟ್ಟುಕೊಟ್ಟಿಲ್ಲ. ನನಗೊಂದು ಊಹೆಯಿದೆ. ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸು ಬೆರಳ ಗಿಣ್ಣಿನಿಂದ ಅದನ್ನು ತಟ್ಟಿ ನೋಡುವಂತೆ, ಕೊಡಲಿಗೆ ಕಲ್ಲು ಆಯುವವನೂ ಬಿರುಕಿಲ್ಲದ ಕಲ್ಲನ್ನು ತಟ್ಟಿಯೇ ಗುರುತಿಸಿರಬೇಕು. ಕಸುಬಿನ ಕಿವಿಯೇ ಮುಂದೆ ಸಂಗೀತದ ಕಿವಿಯಾಯಿತೋ ಏನೋ.

“ಮಾವ, ಇದು ಒಳಗೆ ಟೊಳ್ಳಿರಬೇಕು” ಎಂದ ಅಳಿಯ.

“ಹಾಗಾದರೆ ಹಂಪೆಯ ಕಂಬಗಳೂ ಟೊಳ್ಳೇ ಏನು?” ಎಂದೆ.

ಇಲ್ಲಿಂದ ಅರವತ್ತು ಕಿಲೋಮೀಟರ್ ಆಚೆ ವಿಜಯ ವಿಠ್ಠಲನ ಗುಡಿಯ ಸಂಗೀತದ ಕಂಬಗಳನ್ನು ಕೇಳಿ ಅರಿಯದವರಾರು? ಅವುಗಳ ಒಳಗೆ ಏನೋ ಕೊಳವೆಯಿದೆಯೆಂದು ನಂಬಿ, ಇಂಗ್ಲಿಷರು ಎರಡನ್ನು ಕೊಯ್ದು ನೋಡಿ ನಿರಾಶರಾದರೆಂದು ಅಲ್ಲಿಯ ಮಾರ್ಗದರ್ಶಿಗಳು ಕತೆ ಹೇಳುತ್ತಾರೆ. ಕತೆ ಹೇಗಾದರೂ ಇರಲಿ. ಕಲ್ಪಾಕ್ಕಂನ ಇಂದಿರಾಗಾಂಧಿ ಅಣು ಸಂಶೋಧನ ಕೇಂದ್ರದ ವಿಜ್ಞಾನಿಗಳು ಒಂದು ಚೂರನ್ನೂ ಕೆಡಿಸದೆ, ಶ್ರವಣಾತೀತ ಧ್ವನಿಯ ಅಲೆಗಳನ್ನು ಹಾಯಿಸಿ ಆ ಕಂಬಗಳನ್ನು ಪರೀಕ್ಷಿಸಿ, ೨೦೦೮ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಕಂಬಗಳು ಪೂರ್ತಿ ಗಟ್ಟಿ. ಎರಡು ತುದಿಗಳಲ್ಲಿ ಬಿಗಿದ ಕೋಲು ಬಾಗಿ ಬಾಗಿ ಕಂಪಿಸುವಂತೆಯೇ ಅವು ಕಂಪಿಸುತ್ತವೆ. ಉದ್ದ, ದಪ್ಪ, ಕಲ್ಲಿನ ಗುಣ ಇವುಗಳಿಂದಲೇ ಅವುಗಳ ಸ್ವರ. ಈಗ ಆ ಕಂಬಗಳನ್ನು ತಟ್ಟಲು ಯಾರಿಗೂ ಅನುಮತಿಯಿಲ್ಲ.

“ಹಾಗಾದರೆ ಆ ಕಲ್ಲು ಮೂಕ, ಈ ಕಲ್ಲು ಮಾತಿನದು, ಏಕೆ?”

“ನೀನೇ ನೋಡು.”

ಅವನು ಮಂಡಿಯೂರಿ ಬಂಡೆಯ ಕೆಳಗೆ ಇಣುಕಿದ. ಕೈ ತೂರಿಸಿದ. ಬಂಡೆ ಎರಡು ಮೂರು ಕಡೆ ಮಾತ್ರ ಕೆಳಗಿನ ಕಲ್ಲುಗಳ ಮೇಲೆ ಕುಳಿತಿತ್ತು, ಉಳಿದೆಡೆ ಗಾಳಿ. ಮೂಕ ಕಲ್ಲಿನ ಬಳಿಗೆ ಹೋಗಿ ನೋಡಿದರೆ ಅದರ ಅರ್ಧ ಒಡಲು ಮಣ್ಣಿನಲ್ಲಿ ಹೂತಿತ್ತು. ಮತ್ತೆ ಹಿಂದಿರುಗಿ ಬಂದು, ಮುದುಕ ಕಲ್ಲು ತಾಗಿಸುವಾಗ ತನ್ನ ಎರಡು ಅಂಗೈಗಳನ್ನೂ ಬಂಡೆಯ ಮೇಲೆ ಒತ್ತಿ ಹಿಡಿದ. ನಡುಕವು ಅಂಗೈಗೆ ತಾಕಿತೆಂದು ಹೇಳಿದ. ಬಂಡೆಯ ಗುಟ್ಟು ಇಷ್ಟೇ. ಡೋಲರೈಟಿನ ಹರಳುಗಳು ಸಣ್ಣವು, ಒಂದರೊಳಗೊಂದು ಹೆಣೆದುಕೊಂಡವು. ಗ್ರಾನೈಟಿಗಿಂತ ಅದು ಭಾರವೂ ಹೌದು, ಒಂದು ಘನಮೀಟರಿಗೆ ಸುಮಾರು ಮೂರು ಟನ್ನು. ಬಿರುಕಿಲ್ಲದ ಅಂಥ ಕಲ್ಲಿನಲ್ಲಿ ಕಂಪನ ಬೇಗ ಸಾಯುವುದಿಲ್ಲ. ಆದರೆ ಮಣ್ಣು ತಬ್ಬಿಕೊಂಡರೆ ಅದನ್ನೆಲ್ಲ ಮಣ್ಣೇ ಕುಡಿದುಬಿಡುತ್ತದೆ. ಬೇಕಾದದ್ದು ಒಳಗಿನ ಪೊಳ್ಳಲ್ಲ; ಹೊರಗಿನ ಬಿಡುವು. ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದಲ್ಲಿ ಸುತ್ತಿಗೆ ಹಿಡಿದು ಜನ ಹೋಗಿ ಕೇಳುವ ನಾದಬಂಡೆಗಳೂ ಇದೇ ಜಾತಿಯ ಕಲ್ಲಿನವು.

ಒಡಲಿನ ಕೆಲಸವೇನು?

ಬಂಡೆಯ ನೆರಳಿನಲ್ಲಿ ಕುಳಿತು ಮುದುಕನಿಗೂ ಕೊಟ್ಟು ರೊಟ್ಟಿ ತಿಂದೆವು. ಅಳಿಯ ಒಂದು ಮಾತಿಗೆ ಜಗ್ಗಲಿಲ್ಲ. “ನಮ್ಮ ವೀಣೆಯನ್ನು ನೋಡಿ ಮಾವ. ಹಲಸಿನ ಮರದ ಒಳಗನ್ನೆಲ್ಲ ತೋಡಿಯೇ ಕೊಡ ಮಾಡುತ್ತಾರೆ. ಟೊಳ್ಳಿನಿಂದ ನಾದ ಹುಟ್ಟದಿದ್ದರೆ ಅಷ್ಟು ಕಷ್ಟವೇಕೆ?”

ಪ್ರಶ್ನೆ ಸರಿಯಾದದ್ದೇ. ವೀಣೆಯ ತಂತಿ ಸೂಕ್ಷ್ಮವಾದದ್ದು. ಗಾಳಿಯನ್ನು ಕತ್ತರಿಸಿಕೊಂಡು ಹೋಗುತ್ತದೆಯೇ ಹೊರತು ತಳ್ಳಲಾರದು. ತಂತಿಯ ನಡುಕವನ್ನು ಕುದುರೆಯ ಮೂಲಕ ಪಡೆದು, ಅಗಲವಾದ ತೆಳುಹಲಗೆಯನ್ನೂ ಒಳಗಿನ ಗಾಳಿಯನ್ನೂ ಅಲ್ಲಾಡಿಸಿ ಸಭೆಗೆ ಕೇಳಿಸುವ ಹೊಣೆ ಕೊಡದ್ದು. ಅಲ್ಲಿ ಟೊಳ್ಳು ಅನಿವಾರ್ಯ. ಆದರೆ ಎಲೆಕ್ಟ್ರಿಕ್ ಗಿಟಾರಿನಲ್ಲಿ ಆ ಹೊಣೆ ಮರದ್ದಲ್ಲ. ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ತಾಮ್ರದ ಸುರುಳಿ. ತಂತಿ ನಡುಗಿದರೆ ಕಾಂತಕ್ಷೇತ್ರ ನಡುಗುತ್ತದೆ. ಸುರುಳಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಉಳಿದದ್ದನ್ನು ಧ್ವನಿವರ್ಧಕ ನೋಡಿಕೊಳ್ಳುತ್ತದೆ. ಮರಕ್ಕೆ ಉಳಿದ ಕೆಲಸ, ತಂತಿಯ ಎರಡು ತುದಿಗಳನ್ನು ಅಲುಗದಂತೆ ಹಿಡಿದು ನಿಲ್ಲುವುದು.

ಈ ಗಟ್ಟಿ ಒಡಲು ಹುಟ್ಟಿದ್ದೂ ಟೊಳ್ಳಿನ ಕಾಟದಿಂದಲೇ. ಟೊಳ್ಳು ಗಿಟಾರಿಗೆ ವಿದ್ಯುತ್ತು ಜೋಡಿಸಿ ದನಿ ಏರಿಸಿದರೆ, ಧ್ವನಿವರ್ಧಕದ ಸದ್ದೇ ಮರಳಿ ಅದರ ಒಡಲನ್ನು ಅಲ್ಲಾಡಿಸಿ ಊಳಿಡಲು ತೊಡಗುತ್ತದೆ. ಅಮೆರಿಕದ ವಾದಕ ಲೆಸ್ ಪಾಲ್ ೧೯೪೦ರ ಸುಮಾರಿಗೆ ಒಂದು ಚೌಕದ ಮರದ ತೊಲೆಗೆ ತಂತಿ ಬಿಗಿದು ನುಡಿಸಿದರು. ಕೇಳುಗರ ಕಣ್ಣಿಗೆ ಅದು ಗಿಟಾರಿನಂತೆ ಕಾಣಲೆಂದು, ಒಂದು ಹಳೆಯ ಟೊಳ್ಳು ಗಿಟಾರನ್ನು ಸೀಳಿ ಎರಡು ಪಕ್ಕಕ್ಕೆ ರೆಕ್ಕೆಗಳಂತೆ ಅಂಟಿಸಿದರಂತೆ! ೧೯೫೦ರಲ್ಲಿ ಫೆಂಡರ್ ಸಂಸ್ಥೆಯ ಗಟ್ಟಿ ಗಿಟಾರು, ೧೯೫೨ರಲ್ಲಿ ಲೆಸ್ ಪಾಲ್ ಹೆಸರಿನ ಗಿಬ್ಸನ್ ಗಿಟಾರು ಮಾರುಕಟ್ಟೆಗೆ ಬಂದವು. ಭಾರದ ದೂರು ಅನಂತರದ್ದು. ಫೆಂಡರ್‌ನವರು ೧೯೬೮ರಲ್ಲಿ ಒಡಲಿನೊಳಗೆ ಕುಹರಗಳಿರುವ ಮಾದರಿಯೊಂದನ್ನು ತಂದರು. ಗಿಬ್ಸನ್‌ನವರು ೧೯೮೦ರ ದಶಕದ ಆರಂಭದಿಂದ ಮೇಲುಹಲಗೆಯ ಕೆಳಗೆ ಮಹಾಗನಿಯಲ್ಲಿ ರಂಧ್ರಗಳನ್ನು ಕೊರೆಯತೊಡಗಿದರು. ಹೊರಗಿನಿಂದ ಅವು ಕಾಣವು. ತಮ್ಮ ಗಿಟಾರಿನೊಳಗೆ ರಂಧ್ರಗಳಿರುವುದನ್ನು ಅರಿಯದೆಯೇ ಎಷ್ಟೋ ಮಂದಿ ವರ್ಷಗಟ್ಟಲೆ ಅದನ್ನು ನುಡಿಸಿ ಮೆಚ್ಚಿದರು. ಟೊಳ್ಳು-ಗಟ್ಟಿಯ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ?

“ಅಂದರೆ ಕೊರೆಸಿದರೂ ನಾದ ಕೆಡುವುದಿಲ್ಲ?”

“ಕೆಡುವುದಿಲ್ಲವೆನ್ನಬಹುದು. ದೊಡ್ಡ ಕುಹರಗಳಾದರೆ ಕೆಲವು ಸ್ವರಗಳು ಒಂದಿಷ್ಟು ಬೇಗ ಇಂಗಿಯಾವು. ಆದರೆ ಲೆಕ್ಕವನ್ನೂ ಹಾಕೋಣ.”

ನನ್ನ ಹಳೆಯ ಚಟ ಬಿಡಲಿಲ್ಲ; ಕಡ್ಡಿಯಿಂದ ಮಣ್ಣಿನಲ್ಲಿ ಬರೆದೆ. ಮೂರೂವರೆ ಸೆಂಟಿಮೀಟರ್ ಅಗಲ, ಮೂರು ಸೆಂಟಿಮೀಟರ್ ಆಳದ ಒಂಬತ್ತು ರಂಧ್ರಗಳನ್ನು ಕೊರೆದರೆ ಹೋಗುವ ಮರ ಸುಮಾರು ೨೬೦ ಘನ ಸೆಂಟಿಮೀಟರ್. ಮಹಾಗನಿ ಘನ ಸೆಂಟಿಮೀಟರಿಗೆ ೦.೬ ಗ್ರಾಂ ಎಂದಿಟ್ಟುಕೊಂಡರೆ ಉಳಿತಾಯ ೧೫೫ ಗ್ರಾಂ. ೪,೮೦೦ರಲ್ಲಿ ೧೫೫! ಒಂದು ಸಣ್ಣ ಲೋಟದ ನೀರು. ಬೆನ್ನಿಗೆ ಇದರ ಅರಿವೂ ಆಗದು. ಇನ್ನು ಗಿಟಾರು ನಾಲ್ಕು ಕಿಲೋಗೆ ಇಳಿಯಬೇಕಾದರೆ ೮೦೦ ಗ್ರಾಂ ಮರ, ಎಂದರೆ ಒಡಲಿನ ಸುಮಾರು ಕಾಲುಭಾಗವನ್ನೇ ತೆಗೆಯಬೇಕು. ಆಗ ಇನ್ನೊಂದು ತೊಡಕು. ಒಡಲು ಹಗುರಾದರೆ ಕತ್ತು ಭಾರವಾಗಿ ಕೆಳಕ್ಕೆ ಜಗ್ಗುತ್ತದೆ; ಎಡಗೈ ಸ್ವರ ಹಿಡಿಯುವ ಬದಲು ಕತ್ತನ್ನು ಹಿಡಿದು ನಿಲ್ಲಬೇಕಾಗುತ್ತದೆ. ಕಾರ್ಖಾನೆಯವರು ಮೊದಲೇ ಯೋಚಿಸಿ ಕುಹರಗಳನ್ನಿಟ್ಟು ಕಟ್ಟುವುದು ಬೇರೆ. ಕಟ್ಟಿದ್ದನ್ನು ಅನಂತರ ಕೊರೆಯುವುದು ಬೇರೆ.

ಅಳಿಯ ಬಹಳ ಹೊತ್ತು ಆ ಅಂಕಿಗಳನ್ನು ನೋಡುತ್ತ ಕುಳಿತ.

ಕೊರೆದ ಗುಡ್ಡ

ಇಳಿಯುವಾಗ ಮುದುಕ ನಮ್ಮನ್ನು ಬೇರೆ ದಾರಿಯಲ್ಲಿ ಕರೆದೊಯ್ದ. ಅಲ್ಲಿ ಗುಡ್ಡದ ಒಂದು ಪಕ್ಕ ಇರಲಿಲ್ಲ. ಹಳೆಯ ಕಲ್ಲುಗಣಿ, ಒಡೆದ ಗ್ರಾನೈಟಿನ ಬಿಳಿಚಿದ ಗಾಯ. ಈ ಶತಮಾನದ ಮೊದಲ ವರ್ಷಗಳಲ್ಲಿ ಇಲ್ಲಿ ನಡೆಯುತ್ತಿದ್ದ ಗಣಿಗಾರಿಕೆ ಚಿತ್ರಗಳನ್ನೂ ನಾದಶಿಲೆಗಳನ್ನೂ ನುಂಗಿಬಿಡುವುದೆಂದು ವಿದ್ವಾಂಸರು ಕೂಗಿ ಹೇಳಿದರು. ಆ ಹೊತ್ತಿಗೆ ಕೆಲವು ಚಿತ್ರಗಳು ಹೋಗಿಯೇ ಹೋಗಿದ್ದವು. ಜಲ್ಲಿ ಬೇಕೆಂದವರನ್ನು ಪೂರ್ತಿ ಬಯ್ಯಲೂ ನಾನು ಅರ್ಹನಲ್ಲ. ನಾವು ಬಂದ ರಸ್ತೆಗೂ ಜಲ್ಲಿ ಎಲ್ಲಿಂದಲೋ ಬಂದದ್ದೇ. ಆದರೆ ಜಲ್ಲಿ ಎಲ್ಲ ಗುಡ್ಡದಲ್ಲಿಯೂ ಸಿಕ್ಕುತ್ತದೆ. ನಾಲ್ಕು ಸಾವಿರ ವರ್ಷ ಸವೆದ ಕುಳಿ ಇನ್ನೊಂದು ಗುಡ್ಡದಲ್ಲಿ ಸಿಕ್ಕುವುದಿಲ್ಲ.

“ನಮ್ಮಪ್ಪ ತೋರಿಸ್ತಿದ್ದ ಗೂಳಿ ಒಂದು ಇಲ್ಲೇ ಇತ್ರಿ” ಎಂದು ಮುದುಕ ಬಯಲಿನತ್ತ ಕೈಮಾಡಿದ. ನಾವು ನೋಡಿದೆವು. ಅಲ್ಲಿ ಗಾಳಿ ಮಾತ್ರ ಇತ್ತು.

ಅಳಿಯ ಆಗ ಏನೂ ಹೇಳಲಿಲ್ಲ. ಊರಿಗೆ ಹಿಂದಿರುಗಿ, ಬಳ್ಳಾರಿಯಲ್ಲಿರುವ ರಾಬರ್ಟ್ ಬ್ರೂಸ್ ಫುಟ್ ಸಂಗನಕಲ್ಲು ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿ ಕಲ್ಲುಗೊಡಲಿಗಳನ್ನು ನೋಡುತ್ತಿದ್ದಾಗ ಒಮ್ಮೆಲೇ ನುಡಿದ: “ಮಾವ, ಬಡಗಿಗೆ ಬೇಡವೆಂದು ಹೇಳಿಬಿಡುತ್ತೇನೆ. ನಿಂತು ನುಡಿಸುವ ಕಚೇರಿಗೆ, ಮೊದಲಿನಿಂದಲೇ ಹಗುರಾಗಿ ಕಟ್ಟಿದ ಬೇರೊಂದನ್ನು ಕೊಳ್ಳುತ್ತೇನೆ. ಅಪ್ಪನದನ್ನು ಕುಳಿತು ನುಡಿಸುತ್ತೇನೆ. ವೈಣಿಕರು ಕುಳಿತೇ ನುಡಿಸುವುದಿಲ್ಲವೇ?”

ತೀರ್ಪು ಕೊಡುವ ಭಾರ ನನ್ನ ಹೆಗಲಿನಿಂದ ಹೀಗೆ ಇಳಿಯಿತು.

ಸಂಗನಕಲ್ಲಿಗೆ ಹೋಗಬಯಸುವ ಓದುಗರಿಗೆ ಎರಡು ಮಾತು. ಬೆಳಕು ಹರಿಯುವ ಮುನ್ನವೇ ಹೊರಡಿ, ನೀರನ್ನು ಜೊತೆಗೊಯ್ಯಿರಿ, ಊರಿನವರೊಬ್ಬರನ್ನು ಕರೆದುಕೊಳ್ಳಿರಿ. ಚಿತ್ರಗಳಿರುವ ಬಂಡೆಯನ್ನು ಮುಟ್ಟಬೇಡಿ. ನಾದಶಿಲೆಯನ್ನು ಪರೀಕ್ಷಿಸುವ ಉತ್ಸಾಹವನ್ನು ಬಲ್ಲವರ ಕೈಗೇ ಬಿಡಿ. ಮೆಲ್ಲನೆಯ ಒಂದು ಪೆಟ್ಟಿಗೆ ಅದು ಹೇಳುವುದನ್ನು ನೂರು ಪೆಟ್ಟಿಗೂ ಹೆಚ್ಚಾಗಿ ಹೇಳುವುದಿಲ್ಲ.

ಅಂದು ಸಂಜೆ ಅಳಿಯ ಕಪ್ಪು ಪೆಟ್ಟಿಗೆಯನ್ನು ತೆರೆದ. ಚಾಪೆಯ ಮೇಲೆ ಕುಳಿತು, ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಭಾವನವರು ಪ್ರತಿ ಕಾರ್ಯಕ್ರಮಕ್ಕೂ ಮೊದಲು ಬೆರಳು ಪಳಗಿಸಲು ನುಡಿಸುತ್ತಿದ್ದ ಪಲುಕೊಂದನ್ನು ನುಡಿಸಿದ. ಅಕ್ಕ ಅಡಿಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ಪಲುಕು ಮುಗಿಯಿತು.

“ಇನ್ನೊಮ್ಮೆ ನುಡಿಸೋ” ಎಂದಳು.